ಊಟಿಗೆ ಗಾಲ್ಫ್ ಟ್ರಿಪ್ ಹೋಗೋರಿಗೆ ಎರಡು ಮಾತು

ಹೊಸೂರಿನ ನಾವು ಎಂಟು ಗೆಳೆಯರು ವರ್ಷಕ್ಕೊಮ್ಮೆ ಊಟಿಯಲ್ಲಿ ಪಂದ್ಯ ಆಡುತ್ತೇವೆ. ಮೊದಲು ಒಟ್ಟು ಹೊಡೆತ ಎಣಿಸುತ್ತಿದ್ದೆವು, ಕಡಿಮೆ ಹೊಡೆದವನು ಗೆದ್ದಂತೆ. ಒಂದೇ ಹೋಲ್‌ನಲ್ಲಿ (ಚೆಂಡನ್ನು ಒಂದು ಕುಳಿಗೆ ಸೇರಿಸುವ ಹಂತದಲ್ಲಿ) ಹತ್ತು ಹೊಡೆದವನು ಅಲ್ಲಿಗೇ ಸಪ್ಪಗಾಗಿ, ಉಳಿದ ಹೋಲ್‌ಗಳನ್ನು ಸುಮ್ನೆ ನಡೆದು ಮುಗಿಸುತ್ತಿದ್ದ. ಅದರ ಬದಲು ಸ್ಟೇಬಲ್‌ಫೋರ್ಡ್ ಲೆಕ್ಕ ಇಡಿ, ಅಂದರೆ ಒಂದೊಂದು ಹೋಲ್‌ಗೂ ಅಂಕ, ಹೆಚ್ಚು ಅಂಕ ಪಡೆದವನು ಗೆದ್ದಂತೆ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಕಳೆದ ಮೇಲೆ ಬರ್ಡಿಗೆ (ಆ ಹೋಲ್‌ಗೆ ನಿಗದಿಯಾದ ಹೊಡೆತಕ್ಕಿಂತ ಒಂದು ಕಮ್ಮಿ) 3 ಅಂಕ, ಪಾರ್‌ಗೆ (ನಿಗದಿಯಷ್ಟೇ) 2, ಬೋಗಿಗೆ (ಒಂದು ಹೆಚ್ಚು) 1, ಅದಕ್ಕಿಂತ ಕೆಟ್ಟರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ಹೊರಡಿ. ಟೈಮೂ ಉಳಿಯುತ್ತದೆ, ಹೊಸಬರಿಗೂ ಗೆಲ್ಲೋ ಆಸೆ ಇರುತ್ತದೆ.

ಹಾಂ, ಮೈಸೂರು ಕಡೆಯಿಂದ ಹೋದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಾವೊಮ್ಮೆ ಗುಂಡ್ಲುಪೇಟೆಯಲ್ಲಿ ಕಾರಿನಲ್ಲೇ ಮಲಗಿ, ಮಾರನೇ ದಿನದ ಟೀ ಟೈಮ್ (ಆಟ ಶುರು ಮಾಡಲು ಗೊತ್ತುಮಾಡಿದ ಸಮಯ) ತಪ್ಪಿಸಿಕೊಂಡೆವು. ಕುಡಿಯೋ ಟೀ ಅಲ್ಲ, ಅದು ಸಿಕ್ಕಿತ್ತು!