ಪಿಯೆರೋ ಲ್ಯುನೇರ್‌ಗೆ ನಾನು ದನಿ ಪಳಗಿಸಿದ್ದು

ಆಸ್ಟ್ರಿಯಾದ ಸಂಗೀತ ಸಂಯೋಜಕ ಶೋನ್‌ಬರ್ಗ್ 1912ರಲ್ಲಿ ಬರೆದ 'ಪಿಯೆರೋ ಲ್ಯುನೇರ್' ಒಂದು ಮಾತಿನ ದನಿಗೆ (ಪೂರ್ತಿ ಹಾಡೂ ಅಲ್ಲ, ಬರೀ ಮಾತೂ ಅಲ್ಲ), ಐದು ವಾದಕರಿಗೆ ಮಾಡಿದ ಕೃತಿ. ಒಟ್ಟು 21 ಪುಟ್ಟ ಜರ್ಮನ್ ಕವಿತೆಗಳು. ಉಳಿದ ಸ್ವರಗಳೆಲ್ಲ ಆತುಕೊಳ್ಳುವ ಆಧಾರ ಷಡ್ಜ ಅಂತ ಒಂದಿಲ್ಲ. ತಂಬೂರಿ ಕೇಳಿಕೊಂಡು ಬೆಳೆದ ನನ್ನ ಕಿವಿ ಇದಕ್ಕೆ ಒಗ್ಗಲು ಜಾಸ್ತಿ ದಿನ ಹಿಡಿಯಿತು.

ಸ್ವರಲಿಪಿಯಲ್ಲಿ ದನಿಯ ಸ್ವರಚಿಹ್ನೆಗಳ ಕಡ್ಡಿಯ ಮೇಲೆ ಗುಣಿಸುವ ಚಿಹ್ನೆಯಂಥ ಗುರುತಿದೆ, ಇಲ್ಲಿ ಹಾಡದೆ ಮಾತಿನ ದನಿಯಲ್ಲಿ ಹೇಳಬೇಕು ಅಂತ. ಕೃತಿಯ ಮುನ್ನುಡಿಯಲ್ಲಿ ಶೋನ್‌ಬರ್ಗ್ ಸ್ಪಷ್ಟವಾಗಿ ಹೇಳಿದ್ದಾರೆ: ಲಯ ಹಾಡಿನಷ್ಟೇ ಕರಾರುವಾಕ್ಕಾಗಿರಬೇಕು, ಸ್ವರವನ್ನು ಮಾತ್ರ ಮುಟ್ಟಿದ ತಕ್ಷಣ ಬಿಟ್ಟು ಮೇಲಕ್ಕೋ ಕೆಳಕ್ಕೋ ಹೋಗಬೇಕು.

ನಾನು ಮೊದಲು ಲಯ ಹಿಡಿದೆ. ಸ್ವರದ ಗೊಡವೆಯೇ ಬೇಡ ಅಂತ ಲಯ ಬಡಿಯುವ ಯಂತ್ರ ಮೆಟ್ರೋನೋಮ್ ಜೊತೆ ಬರೀ ಪದಗಳನ್ನು ಹೇಳಿದೆ. ಆಮೇಲೆ ಪಿಯಾನೋ ಮುಂದೆ ಕೂತು ಅವೇ ಸಾಲುಗಳನ್ನು ಶುದ್ಧವಾಗಿ ಹಾಡಿದೆ. ಹೇಗೂ ಬಿಡುವ ಸ್ವರ ಅಲ್ವಾ, ಅಂದಾಜಿಗೆ ಹೇಳಿದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಟ್ಟದೇ ಇದ್ದ ಸ್ವರವನ್ನು ಬಿಡುವುದಾದರೂ ಹೇಗೆ?

ಬಿಡುವುದನ್ನು ಕಲಿತದ್ದು 7ನೆಯ ಕವಿತೆಯಲ್ಲಿ. ಕಾಯಿಲೆ ಬಿದ್ದ ಚಂದ್ರನನ್ನು ಮಾತಾಡಿಸುವ ಕವಿತೆ ಅದು. ಅಲ್ಲಿ ದನಿ ಮತ್ತು ಫ್ಲೂಟ್ ಎರಡೇ, ಗತಿಯೂ ಬಹಳ ನಿಧಾನ. ಉದ್ದದ ಅಕ್ಷರ ಬಂದಾಗ ಗಂಟಲು ತಾನಾಗಿಯೇ ಸ್ವರದ ಮೇಲೆ ಕೂತುಬಿಡುತ್ತದೆ. ಇಡೀ ಅಕ್ಷರವನ್ನು ಮೆಲ್ಲಗೆ ಜಾರಿಸಿದರೆ ಗೋಳಾಟದಂತೆ ಕೇಳುತ್ತದೆ. ಅಕ್ಷರದ ಶುರುವಿನಲ್ಲೇ ಸ್ವರ ಮುಟ್ಟಿ, ಬೇಗ ಬಿಟ್ಟು, ಉಳಿದ ಹೊತ್ತನ್ನು ಮಾತಿನ ದನಿಯಿಂದ ತುಂಬಿದೆ. ಆಗ ಸರಿಹೋಯಿತು.

8ನೆಯದು 'ರಾತ್ರಿ'. ಬಾಸ್ ಕ್ಲಾರಿನೆಟ್, ಚೆಲ್ಲೋ, ಪಿಯಾನೋ ಎಲ್ಲದರಲ್ಲೂ ಮೂರು ಸ್ವರದ ಒಂದೇ ಎಳೆ ಸುತ್ತುತ್ತದೆ. ನಡುವೆ ಒಂದೇ ಒಂದು ಪದವನ್ನು ದನಿ ನಿಜವಾಗಿ ಹಾಡಬೇಕು, ಅದೂ ತೀರಾ ಕೆಳಗೆ. ಅಷ್ಟು ಹೊತ್ತು ಎಲ್ಲೂ ನಿಲ್ಲದ ದನಿ ಅಲ್ಲಿ ನಿಲ್ಲುತ್ತದೆ. ಆ ಪದವನ್ನು ನಾನು ಒತ್ತುವುದಿಲ್ಲ, ಉಸಿರು ಸಡಿಲ ಬಿಟ್ಟು ಹಾಡುತ್ತೇನೆ.

ಭಾವದ ವಿಷಯಕ್ಕೆ ಬಂದರೆ, ಪದದ ಅರ್ಥ ನೋಡಿ ಅಭಿನಯಿಸಬೇಡಿ, ಸಂಗೀತದಿಂದ ತೆಗೆದುಕೊಳ್ಳಿ ಅನ್ನುತ್ತದೆ ಅದೇ ಮುನ್ನುಡಿ. ಈ ಕೃತಿಯನ್ನು ಬರೆಸಿದವರು ನಟಿ ಆಲ್ಬರ್ಟೀನ್ ಟ್ಸೇಮೆ ಎನ್ನುವುದು ನೆನಪಿದ್ದರೆ ಈ ಮಾತಿನ ತೂಕ ಗೊತ್ತಾಗುತ್ತದೆ. 1912ರ ಅಕ್ಟೋಬರ್ 16ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟಾಗ ಆಕೆ ವೇಷ ಹಾಕಿ ಮುಂದೆ ನಿಂತರು, ವಾದಕರು ಪರದೆಯ ಹಿಂದೆ. ನಾನು ವಾದಕರ ನಡುವೆಯೇ ನಿಲ್ಲುತ್ತೇನೆ. ಫ್ಲೂಟಿನವರು ಉಸಿರು ಎಳೆದುಕೊಳ್ಳುವುದು ನನಗೆ ಕಾಣಲೇಬೇಕು.