ದೊಡ್ಡವರಿಗೆ ಸೀತಾಳೆ ಸಿಡುಬು: ಮೊದಲ ದಿನವೇ ಏನು ಮಾಡಬೇಕು?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಹಾಗೆ ಶಾಲಾ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಮಗುವಿಗೆ ಅಮ್ಮ ಆಗಿದೆ, ಈ ವಾರ ಕಳುಹಿಸುವುದಿಲ್ಲ’ ಎಂಬ ಸಂದೇಶಗಳು ಬರತೊಡಗುತ್ತವೆ. ಆರೋಗ್ಯವಂತ ಮಕ್ಕಳಲ್ಲಿ ಹೆಚ್ಚಿನವರು ನಾಲ್ಕಾರು ದಿನ ಜ್ವರ, ತುರಿಕೆ ಅನುಭವಿಸಿ ಚೇತರಿಸಿಕೊಳ್ಳುತ್ತಾರೆ. ಅದೇ ಮನೆಯಲ್ಲಿ ಚಿಕ್ಕಂದಿನಲ್ಲಿ ಈ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಾರದ ಅಪ್ಪನೋ ಚಿಕ್ಕಮ್ಮನೋ ಇದ್ದರೆ ಸುಮಾರು ಎರಡು ವಾರದ ನಂತರ ಅವರ ಸರದಿ ಬರುತ್ತದೆ. ದೊಡ್ಡವರಿಗೆ ಜ್ವರ ಜೋರು, ಗುಳ್ಳೆ ಹೆಚ್ಚು, ಶ್ವಾಸಕೋಶಕ್ಕೆ ಸೋಂಕು ಇಳಿಯುವ ಅಪಾಯವೂ ಹೆಚ್ಚು. ‘ಅದು ಮಕ್ಕಳ ಕಾಯಿಲೆ, ತಾನಾಗಿಯೇ ಇಳಿಯುತ್ತದೆ’ ಎಂದು ಕೈಕಟ್ಟಿ ಕೂರುವಂತಿಲ್ಲ.

ನಮ್ಮಲ್ಲಿ ದೊಡ್ಡವರಾದ ಮೇಲೆ ಇದು ಬರುವುದು ಅಪರೂಪವೂ ಅಲ್ಲ. ಲಸಿಕೆ ಬರುವ ಮುನ್ನ ಚಳಿ ದೇಶಗಳಲ್ಲಿ ಬಹುತೇಕ ಎಲ್ಲರಿಗೂ ಬಾಲ್ಯದಲ್ಲೇ ಈ ಸೋಂಕು ತಗಲುತ್ತಿತ್ತು. ಬಿಸಿಲಿನ ನಾಡುಗಳಲ್ಲಿ ಹಾಗಲ್ಲ. ಇಲ್ಲಿ ಅನೇಕರು ಸೋಂಕು ತಗಲದೆಯೇ ಬೆಳೆದು, ಹಾಸ್ಟೆಲಿಗೋ ಕೆಲಸಕ್ಕೋ ಊರು ಬಿಟ್ಟು ಬಂದಾಗ ಮೊದಲ ಬಾರಿ ಅದನ್ನು ಎದುರಿಸುತ್ತಾರೆ.

ಮನೆಯ ಮಗುವಿಗೆ ಗುಳ್ಳೆ ಎದ್ದ ದಿನ

ದೊಡ್ಡವರ ಕೆಲಸ ಶುರುವಾಗಬೇಕಾದದ್ದು ಅವರಿಗೆ ಜ್ವರ ಬಂದಾಗಲ್ಲ, ಮಗುವಿಗೆ ಗುಳ್ಳೆ ಕಂಡ ದಿನವೇ. ಮೊದಲು ಮನೆಯ ಹಿರಿಯರನ್ನು ಕೇಳಿ: ‘ನನಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತೇ?’ ಅಜ್ಜಿಗೆ, ಅಮ್ಮನಿಗೆ ಇಂಥದ್ದು ಚೆನ್ನಾಗಿ ನೆನಪಿರುತ್ತದೆ. ಒಮ್ಮೆ ಬಂದಿದ್ದರೆ ಮತ್ತೆ ಬರುವುದು ಬಹಳ ಅಪರೂಪ. ಖಚಿತವಾಗಿ ಹೇಳುವವರು ಯಾರೂ ಇಲ್ಲದಿದ್ದರೆ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯ ಇದೆಯೇ ಎಂದು ನೋಡುವ ಪರೀಕ್ಷೆಯಿದೆ.

ಬಂದಿಲ್ಲ ಎಂದಾದರೆ ತಡಮಾಡದೆ ವೈದ್ಯರನ್ನು ಕಂಡು ಲಸಿಕೆಯ ಬಗ್ಗೆ ಕೇಳಿ. ಸೋಂಕಿತರ ಸಂಪರ್ಕಕ್ಕೆ ಬಂದ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ತಪ್ಪಬಹುದು ಅಥವಾ ಹಗುರವಾಗಿ ಬಂದುಹೋಗಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ ಎನ್ನುವುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಜಪಾನಿನ ವೈದ್ಯ ಮಿಚಿಯಾಕಿ ತಕಾಹಾಶಿ ತಮ್ಮ ಪುಟ್ಟ ಮಗ ಈ ಕಾಯಿಲೆಯಿಂದ ನರಳಿದ್ದನ್ನು ಕಣ್ಣಾರೆ ಕಂಡು, ಸಂಶೋಧನೆಗಿಳಿದು, 1974ರಲ್ಲಿ ರೂಪಿಸಿದ ಲಸಿಕೆ ಇದು. ನಮ್ಮ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ, ಖಾಸಗಿಯಾಗಿ ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ದೊಡ್ಡವರಿಗೆ ಎರಡು ಡೋಸ್, ನಡುವೆ ನಾಲ್ಕರಿಂದ ಎಂಟು ವಾರಗಳ ಅಂತರ.

ಗರ್ಭಿಣಿಯರಿಗೆ ಈ ಲಸಿಕೆ ಕೊಡುವಂತಿಲ್ಲ, ಏಕೆಂದರೆ ಇದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಹಾಗೆಂದು ಗರ್ಭಿಣಿ ಸುಮ್ಮನಿರುವಂತೆಯೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದರೆ, ತನಗೆ ಹಿಂದೆ ಬಂದಿಲ್ಲದಿದ್ದರೆ, ಅಂದೇ ಪ್ರಸೂತಿ ತಜ್ಞರಿಗೆ ಫೋನ್ ಮಾಡಬೇಕು. ಸಂಪರ್ಕವಾದ ಹತ್ತು ದಿನದೊಳಗೆ ಕೊಡಬಹುದಾದ ಪ್ರತಿಕಾಯಗಳ ಚುಚ್ಚುಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ದೀರ್ಘಕಾಲದಿಂದ ಸ್ಟಿರಾಯ್ಡ್ ಸೇವಿಸುತ್ತಿರುವವರು ಕೂಡ ಹೀಗೆಯೇ ಕೂಡಲೇ ತಮ್ಮ ವೈದ್ಯರಿಗೆ ತಿಳಿಸಬೇಕು.

ಗುರುತು ಹಿಡಿಯುವುದು

ವೈರಸ್ ಮೈ ಹೊಕ್ಕ ಹತ್ತರಿಂದ ಇಪ್ಪತ್ತೊಂದು ದಿನಗಳ ನಡುವೆ, ಹೆಚ್ಚಾಗಿ ಎರಡು ವಾರದ ಹೊತ್ತಿಗೆ, ಲಕ್ಷಣಗಳು ಕಾಣುತ್ತವೆ. ಮಕ್ಕಳಲ್ಲಿ ಜ್ವರ, ಗುಳ್ಳೆ ಒಟ್ಟೊಟ್ಟಿಗೆ ಬರುವುದು ಹೆಚ್ಚು. ದೊಡ್ಡವರಲ್ಲಿ ಗುಳ್ಳೆಗೆ ಒಂದೆರಡು ದಿನ ಮೊದಲೇ ಜ್ವರ, ಮೈಕೈ ನೋವು, ಸುಸ್ತು ಹಿಡಿಯುತ್ತದೆ. ‘ಯಾವುದೋ ವೈರಲ್ ಜ್ವರ’ ಎಂದು ಮಾತ್ರೆ ನುಂಗಿ ಕಚೇರಿಗೆ ಹೋಗುವುದು ಆಗಲೇ. ಸೋಂಕು ಹರಡಲು ಶುರುವಾಗುವುದೂ ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ. ಮನೆಯಲ್ಲಿ ಇತ್ತೀಚೆಗೆ ಮಗುವಿಗೆ ಅಮ್ಮ ಆಗಿದ್ದರೆ ಆ ಜ್ವರವನ್ನು ಅನುಮಾನದಿಂದಲೇ ನೋಡಿ, ಮನೆಯಲ್ಲೇ ಉಳಿಯಿರಿ.

ಗುಳ್ಳೆ ಮೊದಲು ಕಾಣುವುದು ಸಾಮಾನ್ಯವಾಗಿ ಎದೆ, ಬೆನ್ನು, ಮುಖದಲ್ಲಿ. ಬನಿಯನ್ ತೆಗೆದು ಕನ್ನಡಿಯಲ್ಲಿ ಬೆನ್ನು ನೋಡಿಕೊಳ್ಳಿ, ತಲೆಗೂದಲ ನಡುವೆ ಬೆರಳಾಡಿಸಿ. ಮೊದಲು ಚಿಕ್ಕ ಕೆಂಪು ಚುಕ್ಕೆ, ಕೆಲವೇ ಗಂಟೆಗಳಲ್ಲಿ ಅದು ಉಬ್ಬಿ, ಒಗ್ಗರಣೆಯ ಎಣ್ಣೆ ಸಿಡಿದಲ್ಲಿ ಏಳುವ ಬೊಬ್ಬೆಯಂತೆ ತಿಳಿನೀರು ತುಂಬಿಕೊಳ್ಳುತ್ತದೆ. ಆಮೇಲೆ ನೀರು ಮಬ್ಬಾಗಿ, ನಡುವೆ ಗುಳಿ ಬಿದ್ದು, ಒಣಗಿ ಹೊಪ್ಪಳೆ ಕಟ್ಟುತ್ತದೆ. ಗುಳ್ಳೆಗಳು ಒಂದೇ ಸಲ ಏಳುವುದಿಲ್ಲ, ಮೂರು ನಾಲ್ಕು ದಿನ ಕಂತು ಕಂತಾಗಿ ಬರುತ್ತವೆ. ಹಾಗಾಗಿ ಅಂಗೈಯಗಲ ಜಾಗದಲ್ಲೇ ಹೊಸ ಚುಕ್ಕೆ, ನೀರುಗುಳ್ಳೆ, ಒಣಗಿದ ಹೊಪ್ಪಳೆ ಮೂರೂ ಒಟ್ಟಿಗೆ ಕಂಡರೆ ಅದು ಸೀತಾಳೆ ಸಿಡುಬು ಎನ್ನಲು ಬಲವಾದ ಗುರುತು. ಬಾಯೊಳಗೂ ಏಳಬಹುದು. ಕಣ್ಣಿನ ಒಳಗೆ ಅಥವಾ ರೆಪ್ಪೆಯಂಚಿನಲ್ಲಿ ಎದ್ದರೆ ಕಣ್ಣಿನ ವೈದ್ಯರು ನೋಡಲೇಬೇಕು.

ಮೊದಲ 24 ಗಂಟೆ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗುಳ್ಳೆ ಕಂಡ ದಿನವೇ ವೈದ್ಯರಿಗೆ ತೋರಿಸಿ, ನಾಳೆಗೆ ಮುಂದೂಡಬೇಡಿ. ವೈರಸ್ಸನ್ನು ತಡೆಯುವ ಅಸೈಕ್ಲೊವಿರ್ ಎಂಬ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ ಶುರುಮಾಡಿದಾಗ. ಆಗ ಹೊಸ ಗುಳ್ಳೆಗಳು ಏಳುವುದು ಬೇಗ ನಿಲ್ಲುತ್ತದೆ, ಜ್ವರದ ದಿನಗಳೂ ಕಡಿಮೆಯಾಗುತ್ತವೆ. ಮಕ್ಕಳಿಗೆ ಎಲ್ಲ ಸಂದರ್ಭದಲ್ಲೂ ಇದು ಬೇಕಾಗುವುದಿಲ್ಲ. ದೊಡ್ಡವರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುತ್ತಾರೆ. ತಡವಾಗಿದೆ ಎಂದು ಹೋಗದೇ ಉಳಿಯಬೇಡಿ, ಹೊಸ ಗುಳ್ಳೆ ಏಳುತ್ತಿದ್ದರೆ ಅಥವಾ ತೊಂದರೆ ಹೆಚ್ಚಿದ್ದರೆ ವೈದ್ಯರು ಆಮೇಲೂ ಕೊಡಬಹುದು.

ಹೋಗುವ ಮುನ್ನ ಕ್ಲಿನಿಕ್ಕಿಗೆ ಫೋನ್ ಮಾಡಿ ಹೇಳಿ. ಇದು ಗಾಳಿಯಲ್ಲಿ ಹರಡುವ ಸೋಂಕು, ಕಾಯುವ ಕೊಠಡಿಯಲ್ಲಿ ಗರ್ಭಿಣಿಯರು, ಹಸುಗೂಸುಗಳು ಇರುತ್ತಾರೆ. ಕೆಲವು ವೈದ್ಯರು ಕೊನೆಯಲ್ಲಿ ಬರಲು ಹೇಳುತ್ತಾರೆ, ಕೆಲವರು ವಿಡಿಯೊ ಕರೆಯಲ್ಲೇ ಗುಳ್ಳೆ ನೋಡಿ ಔಷಧ ಬರೆಯುತ್ತಾರೆ. ಮಾಸ್ಕ್ ಹಾಕಿಕೊಂಡು ಹೋಗಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಉಬ್ಬಸ, ಧೂಮಪಾನ, ಸೇವಿಸುತ್ತಿರುವ ಬೇರೆ ಮಾತ್ರೆಗಳು, ಗರ್ಭಿಣಿಯಾಗಿರುವ ಸಾಧ್ಯತೆ ಇವನ್ನೆಲ್ಲ ಕೇಳುವ ಮುನ್ನವೇ ತಿಳಿಸಿ.

ಅಸೈಕ್ಲೊವಿರ್ ಅನ್ನು ದೊಡ್ಡವರು ಸಾಮಾನ್ಯವಾಗಿ 800 ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆ ಐದು ಬಾರಿ, ಏಳು ದಿನ ತೆಗೆದುಕೊಳ್ಳಬೇಕಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಬೇರೆ. ಆದ್ದರಿಂದ ಔಷಧದ ಅಂಗಡಿಯಲ್ಲಿ ಕೇಳಿ ತಂದು ನುಂಗುವುದು ಬೇಡ. ಐದು ಬಾರಿ ಎಂದರೆ ಮರೆಯುವುದು ಸುಲಭ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಪ್ರತಿ ಸಲವೂ ದೊಡ್ಡ ಲೋಟದ ತುಂಬ ನೀರು ಕುಡಿಯಿರಿ, ನೀರು ಕಡಿಮೆಯಾದರೆ ಈ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಇರುವ ನೋವಿನ ಮಾತ್ರೆಗಳನ್ನು ಮುಟ್ಟಬೇಡಿ, ಈ ಕಾಯಿಲೆಯಲ್ಲಿ ಅವುಗಳಿಗೂ ಚರ್ಮದ ಗಂಭೀರ ಸೋಂಕಿಗೂ ನಂಟು ಕಂಡುಬಂದಿದೆ. ಆಸ್ಪಿರಿನ್ ಕೂಡ ಬೇಡ. ಹೃದಯಕ್ಕಾಗಿ ಅದನ್ನು ದಿನವೂ ಸೇವಿಸುವವರು ಮಾತ್ರ ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಬೇವು, ಸ್ನಾನ, ಊಟ

ಮಾತ್ರೆ ತಂದರೆ ‘ಅಮ್ಮ ಮುನಿಯುತ್ತಾಳೆ’ ಎಂದು ಅತ್ತೆಯೋ ಅಜ್ಜಿಯೋ ತಡೆಯುವ ಮನೆಗಳು ಇಂದಿಗೂ ಇವೆ. ಅವರ ಭಯವನ್ನು ಹಗುರವಾಗಿ ಕಾಣಬಾರದು. ಅವರಲ್ಲಿ ಕೆಲವರು ನಿಜವಾದ ಸಿಡುಬನ್ನು (ಸ್ಮಾಲ್‌ಪಾಕ್ಸ್) ಕಂಡವರು. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ, ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಔಷಧವೇ ಇಲ್ಲದ ಆ ಕಾಲದಲ್ಲಿ ರೋಗಿಯನ್ನು ತಂಪಾದ ಕೋಣೆಯಲ್ಲಿ ಬೇರೆ ಇರಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರು ಬಾರದಂತೆ ನೋಡಿಕೊಳ್ಳುತ್ತಿದ್ದರು. ಅದು ಸರಿಯಾದ ಪ್ರತ್ಯೇಕವಾಸ. ಈಗ ಸೀತಾಳೆ ಸಿಡುಬಿಗೆ ಅಸೈಕ್ಲೊವಿರ್ ಇದೆ. 1988ರಲ್ಲಿ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದ ದುಡಿಮೆಯ ಫಲ ಅದು. ಮಾರಮ್ಮನಿಗೆ ಮೊಸರನ್ನದ ತಂಪು ಒಪ್ಪಿಸುವುದಕ್ಕೂ ಮಾತ್ರೆ ನುಂಗುವುದಕ್ಕೂ ಯಾವ ವಿರೋಧವೂ ಇಲ್ಲ. ಹರಕೆ ಹೊರಿ, ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ.

ಬೇವಿನ ಎಳೆ ಸೊಪ್ಪಿನ ಗೊಂಚಲಿನಿಂದ ಮೈಮೇಲೆ ಮೆಲ್ಲಗೆ ಸವರಿಕೊಂಡರೆ ತುರಿಕೆಗೆ ಹಾಯೆನಿಸುತ್ತದೆ, ಉಗುರಿನಿಂದ ಕೆರೆಯುವುದಂತೂ ತಪ್ಪುತ್ತದೆ. ಆದರೆ ಒಡೆದ ಗುಳ್ಳೆಯ ಮೇಲೆ ಅರೆದ ಬೇವು, ಅರಿಶಿನ, ಬೂದಿ ಹಚ್ಚಿ ಒಣಗಲು ಬಿಟ್ಟರೆ ಕೀವಾಗಬಹುದು.

ಸ್ನಾನ ಮಾಡಬಾರದು ಎನ್ನುವ ಕಟ್ಟಳೆಯನ್ನು ಬಿಡಲೇಬೇಕು. ಬೆವರು, ಕೊಳೆ ಕೂತ ಚರ್ಮದಲ್ಲೇ ಬ್ಯಾಕ್ಟೀರಿಯಾ ಸೋಂಕು ಹತ್ತುವುದು, ಆಳವಾದ ಕಲೆ ಉಳಿಯುವುದೂ ಅದರಿಂದಲೇ ಹೆಚ್ಚು. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ, ಉಜ್ಜದೆ, ಬೇಗ ಸ್ನಾನ ಮುಗಿಸಿ. ಹಳೆಯ ಮೆತ್ತನೆಯ ಪಂಚೆಯನ್ನು ಮೈಮೇಲೆ ಒತ್ತಿ ನೀರು ಹೀರಿಸಿ. ಆಮೇಲೆ ಕ್ಯಾಲಮೈನ್ ಲೋಷನ್ ಹಚ್ಚಿ, ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಉಗುರು ಚಿಕ್ಕದಾಗಿ ಕತ್ತರಿಸಿ. ಗಂಡಸರು ಹೊಪ್ಪಳೆ ಉದುರುವವರೆಗೆ ಗಡ್ಡ ಹೆರೆಯದಿರಲಿ. ರಾತ್ರಿ ತುರಿಕೆಯಿಂದ ನಿದ್ದೆ ಬಾರದಿದ್ದರೆ ವೈದ್ಯರು ತುರಿಕೆ ತಗ್ಗಿಸುವ ಮಾತ್ರೆ ಕೊಡುತ್ತಾರೆ.

ಒಗ್ಗರಣೆ ಹಾಕಬಾರದು, ಉಪ್ಪು ಬಿಡಬೇಕು ಎಂಬ ಪಥ್ಯಕ್ಕೆ ವೈದ್ಯಕೀಯ ಕಾರಣವಿಲ್ಲ. ಬಾಯಲ್ಲಿ ಹುಣ್ಣಾಗಿದ್ದರೆ ಖಾರ, ಹುಳಿ ಉರಿಯುತ್ತದೆ, ಅಷ್ಟಕ್ಕೆ ಬಿಡಿ. ಗಂಜಿ, ಮೊಸರನ್ನ, ರಾಗಿ ಅಂಬಲಿ, ಮಜ್ಜಿಗೆ, ಬೇಳೆಯ ತಿಳಿಸಾರು ಗಂಟಲಿಗೆ ಸುಲಭ. ಎಳನೀರು ಒಳ್ಳೆಯದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಅದರ ಪೊಟ್ಯಾಶಿಯಂ ಅಪಾಯ ತರಬಹುದು. ಸಕ್ಕರೆ ಕಾಯಿಲೆಯವರು ಬರಿ ಗಂಜಿಯಲ್ಲೇ ದಿನ ದೂಡದೆ ಸಕ್ಕರೆ ಮಟ್ಟವನ್ನು ಆಗಾಗ ನೋಡಿಕೊಳ್ಳಲಿ.

ಎಲ್ಲಿ ಉಳಿಯುವುದು?

ಮನೆಯಲ್ಲಿದ್ದವರಿಗೆ ಕಿಟಕಿ ತೆರೆದ ಒಂದು ಕೋಣೆ, ಬೇರೆ ಟವೆಲ್, ಬೇರೆ ಹಾಸಿಗೆ. ಆರೈಕೆಗೆ ಈ ಕಾಯಿಲೆ ಹಿಂದೆ ಬಂದುಹೋದವರೇ ನಿಲ್ಲಲಿ.

ಪಿ.ಜಿ., ಹಾಸ್ಟೆಲಿನಲ್ಲಿರುವವರ ಪಾಡು ಕಷ್ಟದ್ದು. ಗುಳ್ಳೆ ಕಂಡ ಕೂಡಲೇ ‘ಊರಿಗೆ ಹೋಗಿಬಿಡಿ’ ಎಂದು ಮಾಲೀಕರು ಒತ್ತಾಯಿಸುತ್ತಾರೆ. ಜ್ವರದಲ್ಲಿ ಬೆಂದ ಹುಡುಗ ರಾತ್ರಿ ಬಸ್ಸು ಹತ್ತಿ, ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಎಂಟು ಹತ್ತು ಗಂಟೆ ಕೂರುತ್ತಾನೆ. ಅವನಿಗೂ ಕೆಟ್ಟದ್ದು, ಸಹಪ್ರಯಾಣಿಕರಿಗೂ ಕೆಟ್ಟದ್ದು. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಪಿ.ಜಿ. ನಡೆಸುವವರು ಒಂದು ಕೋಣೆಯನ್ನು ಒಂದು ವಾರ ಬಿಟ್ಟುಕೊಟ್ಟು, ಊಟವನ್ನು ಬಾಗಿಲಿಗೆ ಇಟ್ಟರೆ ಸಾಕು. ಜೊತೆಯ ಕೋಣೆಯವರಲ್ಲಿ ಹಿಂದೆ ಬಂದಿಲ್ಲದವರು ಲಸಿಕೆಗೆ ಓಡಲಿ. ಹೋಗಲೇಬೇಕಾದರೆ ಮನೆಯವರು ಕಾರಿನಲ್ಲಿ ಬಂದು ಕರೆದೊಯ್ಯಲಿ. ಬೆಂಗಳೂರಿನಲ್ಲಿ ಯಾರೂ ದಿಕ್ಕಿಲ್ಲದವರು ಇಂದಿರಾನಗರದ ಬಳಿ ಹಳೆ ಮದ್ರಾಸು ರಸ್ತೆಯಲ್ಲಿರುವ ಸರ್ಕಾರಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ, ಅಂದರೆ ಮೊದಲ ಗುಳ್ಳೆ ಎದ್ದು ಐದರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಸೋಂಕು ಹರಡುತ್ತದೆ. ಆಮೇಲೆ ಕೆಲಸಕ್ಕೆ ಹೋಗಬಹುದು. ಹೊಪ್ಪಳೆ ಉದುರುವವರೆಗೆ ಕಾಯಬೇಕಿಲ್ಲ.

ಕೂಡಲೇ ಆಸ್ಪತ್ರೆಗೆ

ಉಸಿರಾಟದ ಮೇಲೆ ಕಣ್ಣಿಡಿ. ಗುಳ್ಳೆ ಎದ್ದ ಮೊದಲ ವಾರದಲ್ಲೇ ದೊಡ್ಡವರಿಗೆ ನ್ಯುಮೋನಿಯಾ ಬರಬಹುದು. ಬೀಡಿ ಸಿಗರೇಟು ಸೇದುವವರಿಗೆ, ಗರ್ಭಿಣಿಯರಿಗೆ ಅಪಾಯ ಹೆಚ್ಚು. ಒಣ ಕೆಮ್ಮು, ಎದೆನೋವು, ನಾಲ್ಕು ಮೆಟ್ಟಿಲಿಗೇ ಏದುಸಿರು ಕಂಡರೆ ರಾತ್ರಿಯಾದರೂ ಹೊರಡಿ. ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿದ್ದರೆ ದಿನಕ್ಕೆರಡು ಬಾರಿ ನೋಡಿ, 94ಕ್ಕಿಂತ ಕೆಳಗಿಳಿದರೆ ಕಾಯಬೇಡಿ. ತೀವ್ರ ತಲೆನೋವು, ಕುತ್ತಿಗೆ ಸೆಟೆತ, ಗೊಂದಲದ ಮಾತು, ನಡಿಗೆಯಲ್ಲಿ ಓಲಾಟ, ನಿಲ್ಲದ ವಾಂತಿ, ಗುಳ್ಳೆಯೊಳಗೆ ರಕ್ತ, ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ ಊದಿ ಬಿಸಿಯಾಗುವುದು, ಬಿಟ್ಟ ಜ್ವರ ಮತ್ತೆ ಏರುವುದು ಇವೂ ಹಾಗೆಯೇ. 108ಕ್ಕೆ ಕರೆ ಮಾಡುವಾಗ ಸೀತಾಳೆ ಸಿಡುಬು ಎಂದು ಮೊದಲೇ ಹೇಳಿ.

ಇಳಿದ ಮೇಲೆ

ಹೊಪ್ಪಳೆಯನ್ನು ಕೀಳಬೇಡಿ, ಗುಳಿ ಉಳಿಯುತ್ತದೆ. ಕಪ್ಪು ಕಲೆಗಳು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಸುತ್ತವೆ, ಬಿಸಿಲಿಗೆ ಹೋಗುವಾಗ ಮುಖ ಮುಚ್ಚಿಕೊಂಡರೆ ಬೇಗ. ಸುಸ್ತು ಕೆಲವು ವಾರ ಇರಬಹುದು.

ವೈರಸ್ ಮಾತ್ರ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂತು, ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಒಂದೇ ನರದ ಹಾದಿಯಲ್ಲಿ ಮೇಲೇಳುತ್ತದೆ. ಅದೇ ಸರ್ಪಸುತ್ತು. ಅದು ನಾಗದೋಷವಲ್ಲ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿ, ನೋವು, ಗುಳ್ಳೆ ಕಂಡರೆ ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು. ಸರ್ಪಸುತ್ತಿನ ಗುಳ್ಳೆಯ ನೀರು ತಗಲಿದರೆ, ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಸೀತಾಳೆ ಸಿಡುಬು ಬರಬಹುದು. ಆದ್ದರಿಂದ ಮನೆಯ ಅಜ್ಜಿಗೆ ಸರ್ಪಸುತ್ತಾದರೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿಡಿ, ಅವು ಒಣಗುವವರೆಗೆ ಹಸುಗೂಸನ್ನು ಅವರ ಮಡಿಲಿಗೆ ಕೊಡಬೇಡಿ, ಬಸುರಿ ಸೊಸೆಗೆ ಹಿಂದೆ ಅಮ್ಮ ಆಗಿತ್ತೇ ಎಂದು ಅಂದೇ ವಿಚಾರಿಸಿ.