"ಸೂಪರ್ ಗುರು" ಬಿಟ್ಟು ನೋಡಿದ ಸಿನಿಮಾ ಬಗ್ಗೆ ಬೇರೆ ಏನಾದ್ರೂ ಹೇಳೋದು ಹೆಂಗೆ

ವೀಕೆಂಡಲ್ಲಿ ಸಿನಿಮಾ ನೋಡ್ಕೊಂಡ್ ಬಂದ್ರಿ ಅಂದ್ರೆ ಸೋಮವಾರ ಟೀ ಬ್ರೇಕಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, "ಹೆಂಗಿದೆ?" ಅಂತ. ನಾವೆಲ್ಲ ಕೊಡೋ ಉತ್ರ ಮೂರೇ: ಸೂಪರ್, ಒನ್ ಟೈಮ್ ವಾಚ್, ಇಲ್ಲಾಂದ್ರೆ ಡಬ್ಬಾ. ಪಾಪ ಕೇಳಿದವ್ರಿಗೆ ಇದ್ರಿಂದ ಏನೂ ಗೊತ್ತಾಗಲ್ಲ. ಅವ್ರು ಕೇಳ್ತಿರೋದು ದುಡ್ಡು ಕೊಟ್ಟು, ಮನೆಯವ್ರನ್ನ ಹೊರಡಿಸಿ, ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಹೋಗೋ ಅಷ್ಟು ಇದ್ಯಾ ಅಥವಾ ಓಟಿಟಿಗೆ ಬರೋವರ್ಗೂ ಸುಮ್ನಿರ್ಲಾ ಅಂತ. ಆ ಪ್ರಶ್ನೆಗೆ ಉತ್ರ ಸಿಗೋ ಥರ ಮಾತಾಡಿದ್ರೆ ಸಾಕು, ವಿಮರ್ಶಕರಾಗೋದೇನೂ ಬೇಡ.

ಮೊದ್ಲು ಸಿನಿಮಾ ಬಗ್ಗೆ ಅಲ್ಲ, ನಿಮ್ ಬಗ್ಗೆ ಒಂದ್ ಲೈನ್ ಹೇಳಿ. ಎಲ್ಲಿ ನೋಡಿದ್ರಿ, ಯಾರ ಜೊತೆ ನೋಡಿದ್ರಿ, ಈ ಥರದ ಸಿನಿಮಾ ನಿಮಗೆ ಮಾಮೂಲಾಗಿ ಇಷ್ಟ ಆಗುತ್ತಾ ಇಲ್ವಾ. ಇದು ಎಷ್ಟು ಮುಖ್ಯ ಅನ್ನೋದಕ್ಕೆ 2025ರ ಜುಲೈಲಿ ಬಂದ ಸು ಫ್ರಮ್ ಸೋ ನೋಡಿ. ಪೋಸ್ಟರ್ ತುಂಬ ಸ್ಟಾರ್‌ಗಳಿಲ್ಲ, ಡೈರೆಕ್ಟರ್ ಜೆ.ಪಿ. ತುಮಿನಾಡು ಅವ್ರೇ ಮುಖ್ಯ ಪಾತ್ರ, ಆದ್ರೂ ನೋಡಿದವ್ರ ಬಾಯಿಂದ ಬಾಯಿಗೆ ಹೋಗಿ ಹೌಸ್‌ಫುಲ್ ಬೋರ್ಡ್ ಬಿತ್ತು. ತುಂಬಿದ ಥಿಯೇಟರಲ್ಲಿ ಒಂದು ಜೋಕಿಗೆ ನಗೋ ಗಲಾಟೇಲಿ ಮುಂದಿನ ಜೋಕೇ ಕೇಳಿಸ್ತಿರ್ಲಿಲ್ಲ. ಅದೇ ಸಿನಿಮಾನ ಆಮೇಲೆ ಮನೇಲಿ ಒಬ್ರೇ ಕೂತು ಫೋನಲ್ಲಿ, ಮಧ್ಯ ಮಧ್ಯ ಮೆಸೇಜ್ ನೋಡ್ಕೊಂಡು ನೋಡಿದವ್ರು "ಇದಕ್ಕಾ ಅಷ್ಟೊಂದು ನಕ್ಕಿದ್ದು?" ಅಂದ್ರು. ಇಬ್ರೂ ಸುಳ್ಳು ಹೇಳ್ತಿಲ್ಲ. ಎಲ್ಲಿ ನೋಡಿದ್ದು ಅಂತ ಹೇಳಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಇನ್ನು ಕಥೆ. ಎಷ್ಟು ಹೇಳ್ಬಹುದು? ನನ್ ಪ್ರಕಾರ ಟ್ರೈಲರಲ್ಲಿ ಇರೋಷ್ಟು, ಅದಕ್ಕಿಂತ ಒಂಚೂರು ಕಮ್ಮಿ ಆದ್ರೂ ನಡೆಯುತ್ತೆ. ಸಪ್ತ ಸಾಗರದಾಚೆ ಎಲ್ಲೋ ಬಗ್ಗೆ ಹೇಳ್ಬೇಕಾದ್ರೆ "ಹುಡುಗಿ ಜೊತೆ ಒಳ್ಳೆ ಜೀವನ ಕಟ್ಕೊಳ್ಳೋ ಆಸೇಲಿ ಹುಡುಗ ಬೇರೆಯವ್ರು ಮಾಡಿದ ಆಕ್ಸಿಡೆಂಟನ್ನ ತನ್ನ ತಲೆ ಮೇಲೆ ಹಾಕ್ಕೊಂಡು ಜೈಲಿಗೆ ಹೋಗ್ತಾನೆ" ಅಂದ್ರೆ ಮುಗೀತು. ಎರಡು ಭಾಗದಲ್ಲಿ ಬಂದ ಸಿನಿಮಾ ಅದು, ಮೊದಲ್ನೇದು ಸೈಡ್ ಎ, ಎರಡ್ನೇದು ಸೈಡ್ ಬಿ. ಸೈಡ್ ಬಿ ಕಡೆಗಂತೂ ಹೋಗ್ಲೇಬೇಡಿ, ಯಾಕಂದ್ರೆ ಸೈಡ್ ಬಿ ಕಥೆ ಏನು ಅಂತ ಬಾಯ್ಬಿಟ್ರೆ ಸೈಡ್ ಎ ಎಲ್ಲಿಗೆ ಹೋಗಿ ಮುಟ್ತು ಅನ್ನೋದೂ ಗೊತ್ತಾಗಿಹೋಗುತ್ತೆ. ಇನ್ನೊಂದು, "ಕೊನೇಲಿ ಒಂದ್ ಟ್ವಿಸ್ಟ್ ಇದೆ, ಏನಂತ ಹೇಳಲ್ಲ" ಅಂತ ಕಣ್ಣು ಮಿಟುಕಿಸೋರು ಇರ್ತಾರಲ್ಲ, ಅವ್ರೂ ಹಾಳು ಮಾಡೋರೇ, ಆಮೇಲೆ ಇಡೀ ಸಿನಿಮಾ ಪ್ರತಿ ಪಾತ್ರದ ಮೇಲೂ ಅನುಮಾನ ಪಡ್ಕೊಂಡೇ ಕೂತಿರ್ಬೇಕು. ಹಂಗಂತ ಎಲ್ಲಾ ಸಿನಿಮಾಗೂ ಬಾಯಿಗೆ ಬೀಗ ಹಾಕ್ಬೇಕಾಗಿಲ್ಲ. ತಿಥಿ ಅನ್ನೋ ಸಿನಿಮಾದ ಕಥೆ ಪೂರ್ತಿ ಹೇಳಿದ್ರೂ ಏನೂ ಕಳ್ಕೊಳ್ಳಲ್ಲ. ನೂರು ದಾಟಿದ ಸೆಂಚುರಿ ಗೌಡ ತೀರ್ಕೋತಾನೆ, ಅವ್ನ ತಿಥಿ ಮುಗಿಯೋದ್ರೊಳಗೆ ಮಗ, ಮೊಮ್ಮಗ, ಮರಿಮಗ ಏನೇನ್ ಮಾಡ್ತಾರೆ ಅನ್ನೋದು, ಅಷ್ಟೇ. ಆ ಮಗ ಗಡ್ಡಪ್ಪ ಸುಮ್ನೆ ನಡ್ಕೊಂಡ್ ಹೋಗೋದನ್ನ ನೀವು ಬಾಯಲ್ಲಿ ಹೇಳೋಕಾಗಲ್ಲ, ಅದನ್ನ ನೋಡೇ ತೀರ್ಬೇಕು.

ಈಗ ನಿಜವಾದ ಕಷ್ಟದ ಭಾಗಕ್ಕೆ ಬರೋಣ, "ಸೆಕೆಂಡ್ ಹಾಫ್ ಲ್ಯಾಗ್" ಅನ್ನೋ ಮಾತಿಗೆ. ಈ ಮಾತು ಹೇಳದೇ ಇರೋ ಸಿನಿಮಾ ಯಾವ್ದಿದೆ ಹೇಳಿ. ಲ್ಯಾಗ್ ಅನ್ಸಿದ್ರೆ ಎಲ್ಲಿ ಅನ್ಸ್ತು ಅಂತ ನೆನಪು ಮಾಡ್ಕೊಳ್ಳಿ, ಮೊಬೈಲ್ ತೆಗೆದು ಟೈಮ್ ನೋಡಿದ್ದು ಯಾವಾಗ, ಆಗ ಪರದೆ ಮೇಲೆ ಏನ್ ನಡೀತಿತ್ತು. ಬೇಡದ ಜಾಗಕ್ಕೆ ಹಾಡು ಬಂತಾ, ನಮಗೆ ಗೊತ್ತಾಗಿರೋದನ್ನೇ ಪಾತ್ರ ಇನ್ನೊಂದ್ಸಲ ವಿವರಿಸ್ತಾ, ಹೀರೋಗೆ ಒಂದು ಬಿಲ್ಡಪ್ ಸಾಲಲ್ಲ ಅಂತ ಮತ್ತೊಂದು ಕೊಟ್ರಾ? ಸಪ್ತ ಸಾಗರದಾಚೆ ಎಲ್ಲೋನ ಎಷ್ಟೋ ಜನ ಸ್ಲೋ ಅಂದ್ರು, ಹೌದು ಸ್ಲೋನೇ, ಆದ್ರೆ ಕಾಯೋದೇ ಕಥೆ ಆಗಿರೋವಾಗ ಅದು ಬೇಕಂತಾನೇ ಮಾಡಿದ ಸ್ಲೋ, ನಂಗೆ ಇಷ್ಟ ಆಯ್ತು, ನಿಮಗೆ ಆಗ್ದೇ ಇರ್ಬಹುದು. ಸ್ಲೋ ಬೇರೆ, ಎಳೆಯೋದು ಬೇರೆ. ಈ ಎರಡ್ರಲ್ಲಿ ಯಾವ್ದು ಅಂತ ಹೇಳಿದ್ರೆ ಕೇಳೋರಿಗೆ ಅನುಕೂಲ.

ಕ್ಲೈಮ್ಯಾಕ್ಸಿಗೊಂದು ಲೆಕ್ಕ, ಉಳಿದಿದ್ದಕ್ಕೆ ಇನ್ನೊಂದು ಲೆಕ್ಕ ಇಟ್ಕೊಳ್ಳಿ. 2022ರ ಕಾಂತಾರ ನೋಡಿ ಹೊರಗೆ ಬಂದವ್ರನ್ನ ಕೇಳಿದ್ರೆ ಬರೀ ಕೊನೇ ಭಾಗದ ಬಗ್ಗೇನೇ ಮಾತು, ಆ ಕೂಗು ಕಿವೀಲೇ ಇರ್ತಿತ್ತು, ಅದ್ರಲ್ಲಿ ತಪ್ಪೇನಿಲ್ಲ, ರಿಷಬ್ ಶೆಟ್ಟಿಗೆ ನ್ಯಾಷನಲ್ ಅವಾರ್ಡ್ ಸುಮ್ನೆ ಬರ್ಲಿಲ್ಲ. ಆದ್ರೆ ಮಧ್ಯದ ಲವ್ ಟ್ರ್ಯಾಕ್ ತಗೊಳ್ಳಿ, ಹುಡುಗಿ ಸೊಂಟ ಚಿವುಟೋ ಸೀನ್ ಹಳೇ ಕಾಲದ ಥರಾನೇ ಇದೆ, ನಂಗಂತೂ ಕಿರಿಕಿರಿ ಆಯ್ತು. ಕ್ಲೈಮ್ಯಾಕ್ಸ್ ನೋಡಿದ್ಮೇಲೆ ಅದನ್ನೆಲ್ಲ ನಾವು ಮಾಫ್ ಮಾಡ್ಬಿಡ್ತೀವಿ. ಅದಕ್ಕೇ ಥಿಯೇಟರ್ ಪಾರ್ಕಿಂಗಲ್ಲೇ ತೀರ್ಪು ಕೊಡ್ಬೇಡಿ, ಒಂದ್ ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಎದ್ದಾಗ ಯಾವ ಸೀನ್ ತಲೇಲಿ ಉಳಿದಿದೆ ನೋಡಿ, ಅದನ್ನ ಹೇಳಿ. ಉಲ್ಟಾನೂ ಆಗುತ್ತೆ, ಎಂಡಿಂಗ್ ಇಷ್ಟ ಆಗ್ಲಿಲ್ಲ ಅಂತ ಚೆನ್ನಾಗಿದ್ದ ಎರಡು ಗಂಟೇನೂ ಬೈಯೋದು.

ಟೆಕ್ನಿಕಲ್ ಆಗಿ ಮಾತಾಡೋಕೆ ಬರಲ್ಲ ಅಂತ ಹಿಂಜರೀಬೇಡಿ, ಕಣ್ಣಿಗೆ ಕಿವಿಗೆ ಏನಾಯ್ತು ಅಂತ ಹೇಳಿದ್ರೆ ಅದೇ ಟೆಕ್ನಿಕಲ್. ಬಿಜಿಎಂ, ಅಂದ್ರೆ ಹಿನ್ನೆಲೆ ಸಂಗೀತದ ಗಲಾಟೇಲಿ ಡೈಲಾಗ್ ಕೇಳಿಸ್ತಾ? ಕತ್ಲೆ ಸೀನಲ್ಲಿ ಮುಖ ಕಾಣಿಸ್ತಾ, ಇದಂತೂ ಕೆಲವ್ಸಲ ಥಿಯೇಟರ್ ಪ್ರೊಜೆಕ್ಟರ್ ತಪ್ಪು, ಪಾಪ ಕ್ಯಾಮೆರಾಮನ್‌ನ ಬೈದಿರ್ತೀವಿ. ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ ನೋಡಿದೋರಿಗೆ ಗೊತ್ತು, ಕ್ಯಾಮೆರಾ ಹುಡುಗರ ಜೊತೇನೇ ಓಡಾಡುತ್ತೆ, ಒಂದ್ ಕಡೆ ನಿಲ್ಲಲ್ಲ, ನಂಗೆ ಆ ಹುಚ್ಚಾಟ ಮಜಾ ಕೊಡ್ತು, ಆದ್ರೆ ತಲೆನೋವು ಬರೋರಿಗೆ ಮೊದ್ಲೇ ಹೇಳಿ ಕಳ್ಸೋದು ಒಳ್ಳೇದು.

ಭಾಷೆ ವಿಷ್ಯದಲ್ಲಿ ಸ್ವಲ್ಪ ಹುಷಾರು. ಗರುಡ ಗಮನ ವೃಷಭ ವಾಹನದ ಮಂಗ್ಳೂರು ಕನ್ನಡ, ತಿಥಿಯ ಮಂಡ್ಯ ಮಾತು, ಇದು ಸರಿ ಇದ್ಯಾ ಅಂತ ಬೆಂಗ್ಳೂರಲ್ಲಿ ಕೂತು ಸರ್ಟಿಫಿಕೇಟ್ ಕೊಡೋಕ್ ಹೋಗ್ಬೇಡಿ. ತಿಥೀಲಂತೂ ಅದೇ ಕಡೆ ಊರ ಜನಾನೇ ನಟಿಸಿದ್ದು. ನಿಮ್ಮ ಕಿವಿಗೆ ಅರ್ಥ ಆಯ್ತಾ ಇಲ್ವಾ, ಸಬ್‌ಟೈಟಲ್ ನೋಡ್ಬೇಕಾಯ್ತಾ, ಅಷ್ಟು ಹೇಳಿ. ಡಬ್ಬಿಂಗಲ್ಲಿ ನೋಡಿದ್ರೆ ಡಬ್ಬಿಂಗ್ ಅಂತ ಹೇಳಿ, ಯಾಕಂದ್ರೆ ಆಗ ನೀವು ಕೇಳಿದ್ದು ಹೆಚ್ಚಾಗಿ ಬೇರೆಯವ್ರ ದನಿ, ಆ ನಟನ ವಾಯ್ಸ್ ಮಾಡ್ಯುಲೇಷನ್ ಹೊಗಳಿ ಏನ್ ಪ್ರಯೋಜ್ನ.

ಫ್ಯಾಮಿಲಿ ಗ್ರೂಪಲ್ಲಿ ಹೇಳೋವಾಗ ಬೇರೇನೇ ಪಟ್ಟಿ ಬೇಕು. ರಕ್ತ ಎಷ್ಟಿದೆ, ಬೈಗುಳ ಎಷ್ಟಿದೆ, ಅಪ್ಪ ಅಮ್ಮನ ಪಕ್ಕ ಕೂತು ಮುಜುಗರ ಆಗೋ ಸೀನ್ ಇದ್ಯಾ, ಎಷ್ಟೊತ್ತಿಗೆ ಬಿಡುತ್ತೆ, ಲಾಸ್ಟ್ ಮೆಟ್ರೋ ಸಿಗುತ್ತಾ. ಗರುಡ ಗಮನ ನಂಗೆ ತುಂಬಾ ಇಷ್ಟ, ಆದ್ರೂ ಚಿಕ್ಕ ಮಕ್ಕಳನ್ನ ಕರ್ಕೊಂಡ್ ಹೋಗಿ ಅಂತ ಯಾವತ್ತೂ ಹೇಳಲ್ಲ. ಟಿಕೆಟ್ ಎಷ್ಟಾಯ್ತು ಅನ್ನೋದನ್ನೂ ಹೇಳ್ಬಿಡಿ, ಅದರಲ್ಲಿ ಸಂಕೋಚ ಬೇಡ. ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ 2025ರ ಸೆಪ್ಟೆಂಬರಲ್ಲಿ ಸರ್ಕಾರ ನಿಯಮ ತಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು, ಹಾಗಾಗಿ ದೊಡ್ಡ ಸಿನಿಮಾ ಮೊದಲ ವಾರ ಮಲ್ಟಿಪ್ಲೆಕ್ಸಲ್ಲಿ ನಾಲ್ಕು ಜನರ ಸಂಸಾರ ಹೋಗಿ ಪಾಪ್‌ಕಾರ್ನ್ ತಗೊಂಡ್ರೆ ಬಿಲ್ ನೋಡಿ ಇಂಟರ್ವಲ್ಲಲ್ಲೇ ಬೆವರು ಬರುತ್ತೆ. ಅಷ್ಟು ದುಡ್ಡಿಗೆ ಸಾಧಾರಣ ಅನ್ಸಿದ್ದು ಸಿಂಗಲ್ ಸ್ಕ್ರೀನ್ ರೇಟಿಗೆ ಚೆನ್ನಾಗೇ ಅನ್ಸ್ಬಹುದು.

ಎರಡು ಮಾತು ಮಾತ್ರ ದಯವಿಟ್ಟು ಬಿಟ್ಬಿಡಿ. ಒಂದು ಕಲೆಕ್ಷನ್. ಎಷ್ಟು ಕೋಟಿ ಬಂತು ಅನ್ನೋದು ನಿರ್ಮಾಪಕರ ತಲೆನೋವು, ನಿಮಗೆ ಬೋರ್ ಹೊಡೀತಾ ಇಲ್ವಾ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ, ಅಲ್ಲಿಂದ ಶುರುವಾದ್ರೆ ಆ ಸ್ಟಾರ್ ಫ್ಯಾನ್ಸು ಈ ಸ್ಟಾರ್ ಫ್ಯಾನ್ಸು ಅಂತ ಸಿನಿಮಾ ಮರ್ತೇ ಹೋಗುತ್ತೆ. ಇನ್ನೊಂದು, "ಮಲಯಾಳಂನವ್ರನ್ನ ನೋಡಿ ಕಲೀಬೇಕು". ಅಲ್ಲಿಂದ ನಮ್ಮ ತನಕ ಬರೋದು ಸೋಸಿ ಬಂದ ಒಳ್ಳೇವು, ಅಲ್ಲಿನ ಡಬ್ಬಾಗಳು ಅಲ್ಲೇ ಉಳ್ಕೊಂಡಿರ್ತವೆ. ಇಲ್ಲಿ ನೋಡಿದ್ರೆ 2024ರ ಶುರುವಲ್ಲಿ ರಂಗಾಯಣ ರಘು ಅವ್ರ ಶಾಖಾಹಾರಿ ಬಂತು, ಅದರ ಹಿಂದೇನೇ ಬ್ಲಿಂಕ್ ಬಂತು, ಥಿಯೇಟರಲ್ಲಿ ಇದ್ದಾಗ ತಿರುಗಿ ನೋಡದವ್ರೆಲ್ಲ ಓಟಿಟಿಗೆ ಬಂದ್ಮೇಲೆ "ಯಾರೂ ಹೇಳ್ಲೇ ಇಲ್ವಲ್ಲ" ಅಂದ್ರು.

ಹಾಗಾಗಿ ಸಣ್ಣ ಸಿನಿಮಾ ಇಷ್ಟ ಆದ್ರೆ ಒಂದ್ ರಾತ್ರಿ ಕಾಯಿ ಅಂದ ನನ್ ಮಾತು ಲೆಕ್ಕಕ್ಕಿಲ್ಲ, ಶುಕ್ರವಾರ ನೋಡಿದ್ರೆ ಶುಕ್ರವಾರಾನೇ ಹೇಳಿ. ಶನಿವಾರ ಭಾನುವಾರ ಸೀಟು ತುಂಬ್ಲಿಲ್ಲ ಅಂದ್ರೆ ಸೋಮವಾರದಿಂದ ಶೋ ಕಡಿಮೆ ಮಾಡ್ತಾರೆ, ಉಳ್ಸಿದ್ರೂ ಮಧ್ಯಾಹ್ನದ ಹೊತ್ತಲ್ಲಿ ಒಂದು, ಕೆಲ್ಸಕ್ಕೆ ಹೋಗೋರು ಹೆಂಗ್ ನೋಡ್ತಾರೆ? ಬುಧವಾರ ನೀವು ಪುಟಗಟ್ಟಲೆ ಹೊಗಳಿ ಬರೆಯೋಷ್ಟರಲ್ಲಿ ಸಿನಿಮಾ ಎತ್ತಂಗಡಿ. ಇಂಥವಕ್ಕೆ ಎರಡೇ ಲೈನ್ ಸಾಕು, ಶಾಖಾಹಾರಿಗಾದ್ರೆ ಹೀಗೆ: "ಮಲ್ನಾಡಲ್ಲಿ ಒಂದ್ ಸಣ್ಣ ಹೋಟ್ಲು ನಡೆಸೋ ಅಡುಗೆ ಭಟ್ಟ, ಅವ್ನ ಪಾಡಿಗೆ ಇದ್ದವ್ನು ಒಂದ್ ಪೊಲೀಸ್ ಕೇಸಿಗೆ ಸಿಕ್ಕಾಕ್ಕೋತಾನೆ. ನಿಧಾನಕ್ಕೆ ಹೋಗುತ್ತೆ, ರಂಗಾಯಣ ರಘು ಮತ್ತೆ ಗೋಪಾಲಕೃಷ್ಣ ದೇಶಪಾಂಡೆ ಮುಖಾಮುಖಿ ಕೂತಾಗೆಲ್ಲ ಸೂಪರ್, ಫೈಟು ಡ್ಯಾನ್ಸು ಬೇಕು ಅನ್ನೋರಿಗಲ್ಲ, ನಾಳೆ ಸಂಜೆ ಶೋ ಇದೆ ಹೋಗ್ಬನ್ನಿ."

ಅರ್ಧಕ್ಕೆ ಬಿಟ್ಟಿದ್ರೆ ಅದನ್ನೂ ಹೇಳ್ಬಹುದು, ಎಷ್ಟು ಹೊತ್ತು ನೋಡಿ ಬಿಟ್ರಿ ಅನ್ನೋದನ್ನ ಸೇರಿಸಿ ಹೇಳಿ. ಬ್ಲಿಂಕ್ ಥರದ ಟೈಮ್ ಟ್ರಾವೆಲ್ ಕಥೇನ ಅರ್ಧ ಗಂಟೆಗೆ ಆಫ್ ಮಾಡಿದವ್ರು "ಏನೂ ಅರ್ಥ ಆಗಲ್ಲ" ಅಂದ್ರೆ ಅದು ನಿಜಾನೇ, ಅಷ್ಟ್ರೊಳಗೆ ಯಾರಿಗೂ ಅರ್ಥ ಆಗಲ್ಲ.